ಅಟೇನ್‌ಮೆಂಟ್ ಹಾಳೆಯಲ್ಲಿ 2.7, ಉತ್ತರ ಪುಸ್ತಕದಲ್ಲಿ ಸೊನ್ನೆ: ಮಕ್ಕಳು ಕಲಿತದ್ದನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾನು ಅರಸೀಕೆರೆ ಕಡೆಯ ಪದವಿ ಕಾಲೇಜೊಂದರಲ್ಲಿ ವಾಣಿಜ್ಯ ಉಪನ್ಯಾಸಕಿ. ಈ ವರ್ಷ ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಭರವಸೆ ಕೋಶ) ಕೆಲಸ ನನ್ನ ಹೆಗಲಿಗೆ ಬಿದ್ದಿದೆ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಯ ತಂಡ ಬರುವುದಿದೆ. ಬಿ.ಕಾಂ.ನ ಎಲ್ಲ ಪತ್ರಿಕೆಗಳಿಗೂ ಕೋರ್ಸ್ ಔಟ್‌ಕಮ್ ಅಟೇನ್‌ಮೆಂಟ್ ಹಾಳೆಗಳಿವೆ, ಅಂದರೆ ಪತ್ರಿಕೆ ಮುಗಿದಾಗ ಮಕ್ಕಳಿಗೆ ಏನು ಬರಬೇಕೋ (ಔಟ್‌ಕಮ್) ಅದು ಎಷ್ಟು ಬಂದಿದೆ (ಅಟೇನ್‌ಮೆಂಟ್) ಎಂಬ ಲೆಕ್ಕ. ಎಂಜಿನಿಯರಿಂಗ್ ಕಾಲೇಜಿನಲ್ಲಿರುವ ಪರಿಚಯದವರೊಬ್ಬರಿಂದ ತಂದ ಎಕ್ಸೆಲ್ ನಮೂನೆ ಅದು. ಇಂಟರ್ನಲ್ಸ್‌ಗೆ ಶೇ 50, ವಿ.ವಿ. ಪರೀಕ್ಷೆಗೆ ಶೇ 30, ವಿದ್ಯಾರ್ಥಿ ಸಮೀಕ್ಷೆಗೆ ಶೇ 20 ತೂಕ ಇಟ್ಟಿದ್ದಾರೆ. ಗುರಿ 3ಕ್ಕೆ 2. ಫೈನಾನ್ಷಿಯಲ್ ಅಕೌಂಟಿಂಗ್‌ನ ಐದೂ ಔಟ್‌ಕಮ್‌ಗಳಿಗೆ 3ಕ್ಕೆ 2.7 ಬಂದಿದೆ. ಆದರೆ ಅದೇ ಮಕ್ಕಳಿಗೆ ಕನ್‌ಸೈನ್‌ಮೆಂಟ್ (ಏಜೆಂಟರಿಗೆ ಸರಕು ಕಳಿಸಿ ಅವರ ಮೂಲಕ ಮಾರಿಸುವ) ಲೆಕ್ಕದಲ್ಲಿ ಮಾರಾಟವಾಗದೆ ಉಳಿದ ಸರಕಿಗೆ ಬೆಲೆ ಕಟ್ಟಲು ಬರುವುದಿಲ್ಲ. ವಿ.ವಿ. ಪರೀಕ್ಷೆಯಿಂದ ನಮಗೆ ಸಿಗುವುದು ಒಟ್ಟು ಅಂಕ ಮಾತ್ರ. ಎಲ್ಲರೂ ಹೇಳುವ ಶೇ 60ರ ಗುರಿ, ವಿ.ವಿ. ಪರೀಕ್ಷೆಗೆ 80 ಮತ್ತು ಇಂಟರ್ನಲ್ಸ್‌ಗೆ 20ರ ತೂಕ ಇವೆಲ್ಲ ಕಡ್ಡಾಯವೇ? ಕಡಿಮೆ ತೋರಿಸಿದರೆ ಗ್ರೇಡ್ ಕುಸಿಯುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಹಿಂದಿನ ವರ್ಷಗಳ ಹಾಳೆಗಳನ್ನೂ ಹೊಸದಾಗಿ ಮಾಡಬೇಕೇ?

ಉತ್ತರ: ನೀವು ಕೇಳಿರುವುದು ನ್ಯಾಕ್ ಬಗ್ಗೆ, ಮೇಡಂ. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಬೇರೆ: ಹಾಳೆ ಹೇಳುವುದಕ್ಕೂ ಮಕ್ಕಳ ಕೈಯಲ್ಲಿ ಆಗುವುದಕ್ಕೂ ತಾಳೆ ಬೀಳುತ್ತಿಲ್ಲ. ನಿಮ್ಮ ಅನುಮಾನ ಸರಿ. ತಪ್ಪಿರುವುದು ಹಾಳೆಯೇ, ಅದನ್ನು ಆ ಹಾಳೆಯ ಲೆಕ್ಕದಿಂದಲೇ ತೋರಿಸಬಹುದು.

ಇಂಟರ್ನಲ್ಸ್‌ನಲ್ಲಿ ಎಲ್ಲರಿಗೂ ಒಳ್ಳೆಯ ಅಂಕ ಬಿದ್ದಿರುವುದರಿಂದ 0ಯಿಂದ 3ರ ಅಳತೆಯಲ್ಲಿ ಮಟ್ಟ 3. ಅದರ ಶೇ 50 ಎಂದರೆ 1.5. ಸಮೀಕ್ಷೆಯಲ್ಲಿ ಮಕ್ಕಳು ಎಲ್ಲದಕ್ಕೂ ‘ಬಹಳ ಚೆನ್ನಾಗಿದೆ’ ಎಂದು ಗುರುತು ಹಾಕಿರುತ್ತಾರೆ, ಅದೂ 3. ಅದರ ಶೇ 20 ಎಂದರೆ 0.6. ಇಲ್ಲಿಗೇ 2.1 ಆಯಿತು. ವಿ.ವಿ. ಪರೀಕ್ಷೆಯ ಮಟ್ಟ 2 ಆದ್ದರಿಂದ ಇನ್ನೊಂದು 0.6 ಸೇರಿ 2.7. ಈಗ ವಿ.ವಿ. ಪರೀಕ್ಷೆಯ ಮಟ್ಟದ ಜಾಗದಲ್ಲಿ ಸೊನ್ನೆ ಹಾಕಿ ನೋಡಿ. ಇಡೀ ತರಗತಿ ಫೇಲಾದರೂ ನಿಮ್ಮ ಹಾಳೆ 2.1 ತೋರಿಸಿ, ಗುರಿ ತಲುಪಿದ್ದೀರಿ ಎನ್ನುತ್ತದೆ. ಏನೇ ಆದರೂ ‘ಸಾಧಿಸಲಾಗಿದೆ’ ಎನ್ನುವ ಹಾಳೆಯಿಂದ ಏನನ್ನೂ ತಿಳಿಯಲು ಆಗುವುದಿಲ್ಲ. ಐದೂ ಔಟ್‌ಕಮ್‌ಗಳಿಗೆ ಒಂದೇ ಅಂಕಿ ಬಂದಿರುವುದಕ್ಕೂ ಕಾರಣ ಇಷ್ಟೇ: ಒಬ್ಬ ವಿದ್ಯಾರ್ಥಿಯ ಒಟ್ಟು ಅಂಕವನ್ನೇ ಐದು ಕಡೆ ನಕಲು ಮಾಡಲಾಗಿದೆ.

ಕಡ್ಡಾಯ ಯಾವುದು, ರೂಢಿ ಯಾವುದು

ನಿಮ್ಮ ನಮೂನೆ ಬಂದಿರುವುದು ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಕಡೆಯಿಂದ. ಎನ್‌ಬಿಎ ಮಾನ್ಯತೆ ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್, ಫಾರ್ಮಸಿಯಂಥ ವೃತ್ತಿಪರ ಕೋರ್ಸುಗಳಿಗೆ. ಭಾರತವು ಎನ್‌ಬಿಎ ಮೂಲಕ 2014ರಲ್ಲಿ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ರಾಷ್ಟ್ರವಾಯಿತು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿದ್ದ 12 ಪ್ರೋಗ್ರಾಂ ಔಟ್‌ಕಮ್‌ಗಳ (ಇಡೀ ಪದವಿ ಮುಗಿದಾಗ ಬರಬೇಕಾದವುಗಳ) ಪಟ್ಟಿಯ ಬೇರು ಆ ಒಪ್ಪಂದದಲ್ಲಿದೆ. ಅದನ್ನು ಬಿ.ಕಾಂ.ಗೆ ಹಾಗೇ ಇಳಿಸಿಕೊಂಡಿದ್ದರೆ ಮೊದಲು ತೆಗೆಯಿರಿ. ‘ಎಂಜಿನಿಯರಿಂಗ್ ಜ್ಞಾನ’ ಎಂಬ ಸಾಲಿನಲ್ಲಿ ಆ ಮೊದಲ ಪದವನ್ನು ‘ವಾಣಿಜ್ಯ’ ಎಂದು ಬದಲಿಸಿದ ಪಟ್ಟಿಗಳು ನಮ್ಮ ಪದವಿ ಕಾಲೇಜುಗಳಲ್ಲಿ ಅಪರೂಪವಲ್ಲ.

ಶೇ 80–20ರ ತೂಕ, 60–70–80ರ ಮೆಟ್ಟಿಲುಗಳು (ಶೇಕಡಾ ಎಷ್ಟು ಮಕ್ಕಳು ಗುರಿ ಮುಟ್ಟಿದರೆ ಮಟ್ಟ 1, 2, 3 ಎಂಬುದು) ಎನ್‌ಬಿಎ ಸ್ವಮೌಲ್ಯಮಾಪನ ವರದಿಯ ನಮೂನೆಯಲ್ಲಿ ಉದಾಹರಣೆಗೆಂದು ಕೊಟ್ಟವು. ಉದಾಹರಣೆ ಕ್ರಮೇಣ ನಿಯಮವಾಗಿಬಿಟ್ಟಿತು. ಗುರಿ, ಮೆಟ್ಟಿಲು, ತೂಕ ಮೂರನ್ನೂ ಕಾಲೇಜೇ ನಿರ್ಧರಿಸಬಹುದು. ಹಾಗೆ ಏಕೆ ನಿರ್ಧರಿಸಿದಿರಿ ಎಂಬುದಕ್ಕೆ ವಿಭಾಗದ ಸಭೆಯ ನಡಾವಳಿಯಲ್ಲಿ ಎರಡು ಸಾಲು ಇರಬೇಕು, ಅಷ್ಟೆ.

ನ್ಯಾಕ್‌ನ ಎರಡನೇ ಮಾನದಂಡ ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನಕ್ಕೆ ಸೇರಿದ್ದು. ಕಲಿಕಾ ಫಲಿತಾಂಶದ ಮಾತು ಬರುವುದು ಅಲ್ಲೇ. ಔಟ್‌ಕಮ್‌ಗಳನ್ನು ಬರೆದಿದ್ದೀರಾ, ಮಕ್ಕಳಿಗೆ ತಿಳಿಸಿದ್ದೀರಾ, ಸಾಧನೆಯನ್ನು ಹೇಗೆ ಅಳೆಯುತ್ತೀರಿ ಎಂಬುದು ಅಲ್ಲಿಯ ವಿಷಯ. ಪಾಸಾದವರ ಪ್ರಮಾಣ ಬೇರೆ ಸಂಗತಿ, ಅದು ವಿ.ವಿ. ಫಲಿತಾಂಶದಿಂದ ಬರುವ ಅಂಕಿ, ಅಟೇನ್‌ಮೆಂಟ್ ಹಾಳೆಯಿಂದಲ್ಲ. 2.7 ಇರುವುದನ್ನು 1.6 ಎಂದು ತೋರಿಸಿದರೆ ಗ್ರೇಡ್ ಕುಸಿಯುತ್ತದೆ ಎಂಬ ಭಯ ಈ ಎರಡನ್ನೂ ಬೆರೆಸಿಕೊಂಡದ್ದರಿಂದ ಹುಟ್ಟಿದ್ದು. ನಿಜವಾದ ಅಪಾಯ ಬೇರೆ ಕಡೆ ಇದೆ. ಎಲ್ಲ ಪತ್ರಿಕೆಗಳಿಗೂ 2.7 ಇರುವ ಕಡತ ಹಿಡಿದು ತಂಡದ ಸದಸ್ಯರು ಅಂತಿಮ ವರ್ಷದ ಮಕ್ಕಳೊಂದಿಗೆ ಹತ್ತು ನಿಮಿಷ ಮಾತನಾಡಿದರೆ ಉತ್ತರ ಕೊಡುವುದು ನಿಮಗೆ ಕಷ್ಟವಾಗುತ್ತದೆ.

ಅಳೆಯಬೇಕಾದದ್ದು ಪ್ರಶ್ನೆಯನ್ನು, ಒಟ್ಟು ಅಂಕವನ್ನಲ್ಲ

ಇಡೀ ಉತ್ತರದಲ್ಲಿ ಒಂದೇ ಒಂದನ್ನು ಜಾರಿಗೆ ತರಲು ಸಾಧ್ಯ ಎಂದಾದರೆ ಇದನ್ನೇ ತನ್ನಿ: ಅಂಕಗಳನ್ನು ಪ್ರಶ್ನೆವಾರು ದಾಖಲಿಸಿ.

20 ಅಂಕದ ಟೆಸ್ಟ್, ತಲಾ 5 ಅಂಕದ ನಾಲ್ಕು ಪ್ರಶ್ನೆ ಎಂದುಕೊಳ್ಳಿ. ಮೂರನೆಯದು ಕನ್‌ಸೈನ್‌ಮೆಂಟ್. ಒಬ್ಬ ಹುಡುಗ 5, 5, 0, 4 ತೆಗೆದು 14 ಅಂಕ ಪಡೆಯುತ್ತಾನೆ. ಶೇ 70. ಒಟ್ಟು ಅಂಕದ ಹಾಳೆಯ ಪ್ರಕಾರ ಕನ್‌ಸೈನ್‌ಮೆಂಟ್ ಔಟ್‌ಕಮ್ಮನ್ನೂ ಅವನು ಸಾಧಿಸಿದ್ದಾನೆ. ಉತ್ತರ ಪುಸ್ತಕದಲ್ಲಿ ಅವನಿಗೆ ಅಲ್ಲಿ ಸೊನ್ನೆ. 54 ಮಕ್ಕಳ ತರಗತಿಗೆ ನಾಲ್ಕು ಪ್ರಶ್ನೆ ಎಂದರೆ 216 ಮನೆಗಳನ್ನು ತುಂಬಬೇಕು. ಪುಸ್ತಕ ತಿದ್ದುವಾಗಲೇ ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ಬರೆಯುತ್ತಾ ಹೋದರೆ ಹೊರೆ ಅನ್ನಿಸುವುದಿಲ್ಲ. ತಿದ್ದಿ ಮುಗಿಸಿದ ಮೇಲೆ ಮತ್ತೆ ಪುಸ್ತಕ ತಿರುವಿ ಹಾಕಲು ಹೋದರೆ ಯಾರೂ ಮಾಡುವುದಿಲ್ಲ.

ಇಲ್ಲಿ ಜಾರುವ ಜಾಗ ಒಂದಿದೆ, ‘ನಾಲ್ಕರಲ್ಲಿ ಯಾವುದಾದರೂ ಮೂರಕ್ಕೆ ಉತ್ತರಿಸಿ’ ಎನ್ನುವ ಆಯ್ಕೆ. ಟೆಸ್ಟಿಗೆ 50 ಮಂದಿ ಬಂದರು. ಕನ್‌ಸೈನ್‌ಮೆಂಟ್ ಪ್ರಶ್ನೆಗೆ ಕೈ ಹಾಕಿದವರು 30, ಅವರಲ್ಲಿ 3 ಅಥವಾ ಹೆಚ್ಚು ಅಂಕ ಪಡೆದವರು 21. ಪ್ರಯತ್ನಿಸಿದವರನ್ನಷ್ಟೇ ಲೆಕ್ಕಕ್ಕೆ ತಗೊಂಡರೆ ಶೇ 70. ನಿಮ್ಮ ಮೆಟ್ಟಿಲು ಶೇ 50ಕ್ಕೆ 1, 60ಕ್ಕೆ 2, 70ಕ್ಕೆ 3 ಎಂದಿದ್ದರೆ ಮಟ್ಟ 3. ಬಂದವರೆಲ್ಲರ ಲೆಕ್ಕ ತಗೊಂಡರೆ ಶೇ 42, ಮಟ್ಟ ಸೊನ್ನೆ. ಅದೇ ಮಕ್ಕಳು, ಅದೇ ಉತ್ತರ, ಒಮ್ಮೆ 3, ಒಮ್ಮೆ 0. ಬಿಟ್ಟವರಲ್ಲಿ ಬಹುಪಾಲು ಮಂದಿ ಬಾರದೆ ಬಿಟ್ಟವರೇ. ಆದ್ದರಿಂದ ಆಂತರಿಕ ಟೆಸ್ಟಿನಲ್ಲಿ ಔಟ್‌ಕಮ್‌ಗಳ ನಡುವೆ ಆಯ್ಕೆ ಕೊಡಬೇಡಿ. ಕೊಡಲೇಬೇಕೆಂದಿದ್ದರೆ ಒಂದೇ ಔಟ್‌ಕಮ್‌ನ ಎರಡು ಪ್ರಶ್ನೆಗಳ ನಡುವೆ ಕೊಡಿ: 3ಎ ಅಥವಾ 3ಬಿ, ಎರಡೂ ಕನ್‌ಸೈನ್‌ಮೆಂಟ್. ಗೈರುಹಾಜರಾದವರನ್ನು ಸೇರಿಸುತ್ತೀರೋ ಬಿಡುತ್ತೀರೋ ಎಂಬುದನ್ನೂ ಮೊದಲೇ ಬರೆದಿಡಿ, ಎಲ್ಲ ಪತ್ರಿಕೆಗಳಿಗೂ ಒಂದೇ ನಿಯಮ ಇರಲಿ.

ಇಂಟರ್ನಲ್ಸ್‌ನಲ್ಲಿ ಹಾಜರಾತಿಗೆ, ಅಸೈನ್‌ಮೆಂಟ್ ಸಮಯಕ್ಕೆ ಕೊಟ್ಟದ್ದಕ್ಕೆ ಅಂಕ ಸೇರಿದ್ದರೆ ಆ ಅಂಕ ಮಾರ್ಕ್ಸ್ ಕಾರ್ಡಿಗೆ ಹೋಗಲಿ, ಔಟ್‌ಕಮ್ ಹಾಳೆಗೆ ಬೇಡ. ಬಾಣಾವರದಿಂದಲೋ ಜಾವಗಲ್‌ನಿಂದಲೋ ಬಸ್ಸು ಹಿಡಿದು ದಿನವೂ ತಪ್ಪದೆ ಬರುವ ಹುಡುಗಿಯ ಶ್ರದ್ಧೆಗೆ ಅಂಕ ಸಲ್ಲಬೇಕಾದದ್ದೇ. ಆದರೆ ಅವಳಿಗೆ ಸರಕಿನ ಬೆಲೆ ಕಟ್ಟಲು ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ತಪ್ಪು ಉತ್ತರವನ್ನೇ ಓದಿ

ನಿಮ್ಮ ಊರಿನ ಕೊಬ್ಬರಿ ವ್ಯಾಪಾರವನ್ನೇ ಇಟ್ಟುಕೊಂಡು ಒಂದು ಪ್ರಶ್ನೆ ಮಾಡೋಣ. ಅರಸೀಕೆರೆಯ ವ್ಯಾಪಾರಿ 100 ಚೀಲ ಕೊಬ್ಬರಿಯನ್ನು ಹೊರ ರಾಜ್ಯದ ಏಜೆಂಟರಿಗೆ ಮಾರಾಟಕ್ಕೆಂದು ಕಳಿಸುತ್ತಾನೆ. ಅಸಲು ಚೀಲಕ್ಕೆ ₹8,000. ಲಾರಿ ಬಾಡಿಗೆ, ಹಮಾಲಿ ಸೇರಿ ಅವನ ಖರ್ಚು ₹20,000. ಏಜೆಂಟರು ಇಳಿಸುವ ಕೂಲಿ ₹5,000 ಕೊಡುತ್ತಾರೆ, ಗೋದಾಮು ಬಾಡಿಗೆ ₹4,000 ಕಟ್ಟುತ್ತಾರೆ. 80 ಚೀಲ ಮಾರಾಟವಾಯಿತು. ಉಳಿದ 20 ಚೀಲದ ಬೆಲೆ ಎಷ್ಟು?

ಸರಕು ಏಜೆಂಟರ ಗೋದಾಮು ಮುಟ್ಟುವವರೆಗಿನ ಖರ್ಚು ಬೆಲೆಗೆ ಸೇರುತ್ತದೆ, ಆಮೇಲಿನದು ಸೇರುವುದಿಲ್ಲ. ಹಾಗಾಗಿ 8,00,000, 20,000 ಮತ್ತು 5,000 ಕೂಡಿ ₹8,25,000. ಅದರ ಐದನೇ ಒಂದು ಭಾಗ ₹1,65,000. ಇದು ಸರಿ ಉತ್ತರ. ಈಗ ತಪ್ಪು ಉತ್ತರಗಳನ್ನು ನೋಡಿ. ₹1,60,000 ಬರೆದವನು ಖರ್ಚನ್ನೇ ಮುಟ್ಟಿಲ್ಲ. ₹1,64,000 ಬರೆದವಳು ಕಳಿಸಿದವನ ಖರ್ಚು ಸೇರಿಸಿ ಏಜೆಂಟರ ಕೂಲಿ ಬಿಟ್ಟಿದ್ದಾಳೆ. ಯಾರು ಕೊಟ್ಟರು ಎಂಬುದು ಮುಖ್ಯ ಎಂದುಕೊಂಡಿದ್ದಾಳೆ, ಯಾವಾಗ, ಏತಕ್ಕೆ ಕೊಟ್ಟದ್ದು ಎಂಬುದನ್ನು ನೋಡಿಲ್ಲ. ₹1,65,800 ಬರೆದವನು ಗೋದಾಮು ಬಾಡಿಗೆಯನ್ನೂ ತುಂಬಿದ್ದಾನೆ. ಮೂವರಿಗೂ ಬೇರೆ ಬೇರೆ ಪಾಠ ಬೇಕು. ₹1,33,000ದಂತಹ ದಿಕ್ಕಿಲ್ಲದ ಅಂಕಿ ಬರೆದವರಿಗೆ ಮೊದಲಿನಿಂದಲೇ ಹೇಳಿಕೊಡಬೇಕು. ಹೀಗೆ ತಪ್ಪಿನ ಜಾತಿ ಗೊತ್ತಾಗುವಂತೆ ಅಂಕಿಗಳನ್ನು ಆರಿಸಿಕೊಂಡರೆ, ಒಂದೇ ಪ್ರಶ್ನೆಯಿಂದ ಮುಂದಿನ ವಾರ ಏನು ಕಲಿಸಬೇಕು ಎಂಬುದು ತಿಳಿಯುತ್ತದೆ. ಸಾಮಾನ್ಯ ನಷ್ಟ ಕಲಿಸುವಾಗಲೂ ಇದೇ ಸರಕು ಸಾಕು: 100 ಕ್ವಿಂಟಲ್ ಒಣಗಿ 98 ಆದಾಗ ಖರ್ಚೆಲ್ಲ ಆ 98ರ ಮೇಲೆ ಹಂಚಿಕೆಯಾಗುತ್ತದೆ ಎಂಬುದು ಕೊಬ್ಬರಿ ನೋಡಿ ಬೆಳೆದ ಮಕ್ಕಳಿಗೆ ಬೇಗ ಹತ್ತುತ್ತದೆ.

ಪ್ರಶ್ನೆ ಬರೆಯುವಾಗ ಇನ್ನೊಂದನ್ನು ಗಮನಿಸಿ. ಔಟ್‌ಕಮ್‌ನಲ್ಲಿ ‘ಕನ್‌ಸೈನ್‌ಮೆಂಟ್ ಖಾತೆ ಸಿದ್ಧಪಡಿಸುವರು’ ಎಂದಿದ್ದು, ಟೆಸ್ಟಿನಲ್ಲಿ ‘ಕನ್‌ಸೈನ್‌ಮೆಂಟ್ ಎಂದರೇನು? ಅದರ ಲಕ್ಷಣಗಳನ್ನು ಬರೆಯಿರಿ’ ಎಂದಿದ್ದರೆ ನೀವು ಅಳೆದದ್ದು ನೆನಪನ್ನು. ನೆನಪು, ಅರ್ಥ, ಅನ್ವಯ ಎಂದು ಕಲಿಕೆಯನ್ನು ಮೆಟ್ಟಿಲುಗಳಾಗಿ ಜೋಡಿಸಿದ ಬ್ಲೂಮ್ ಅವರ 1956ರ ವರ್ಗೀಕರಣವೂ 2001ರ ಅದರ ಪರಿಷ್ಕರಣೆಯೂ ಕೆಲಸಕ್ಕೆ ಬರುವುದು ಇಲ್ಲೇ: ಔಟ್‌ಕಮ್‌ನ ಕ್ರಿಯಾಪದ ಮತ್ತು ಪ್ರಶ್ನೆಯ ಕ್ರಿಯಾಪದ ಒಂದೇ ಮೆಟ್ಟಿಲಲ್ಲಿವೆಯೇ ಎಂದು ನೋಡಲು. ಪ್ರತಿ ಪ್ರಶ್ನೆಯ ಪಕ್ಕ ‘ಎಲ್2’, ‘ಎಲ್3’ ಎಂದು ಮೆಟ್ಟಿಲಿನ ಸಂಖ್ಯೆ ಮುದ್ರಿಸಿದ ಮಾತ್ರಕ್ಕೆ ಪ್ರಶ್ನೆ ಬದಲಾಗುವುದಿಲ್ಲ. ನೋಟ್ಸ್‌ನಲ್ಲಿ ಬಿಡಿಸಿದ ಲೆಕ್ಕವನ್ನೇ ಅದೇ ಅಂಕಿಗಳೊಂದಿಗೆ ಕೊಟ್ಟರೂ ಅಷ್ಟೆ, ಅದು ನೆನಪಿನ ಪರೀಕ್ಷೆ.

ವಿ.ವಿ. ಮುದ್ರಿಸಿದ ಔಟ್‌ಕಮ್‌ಗಳನ್ನು ಬದಲಿಸುವ ಅಧಿಕಾರ ಸಂಯೋಜಿತ ಕಾಲೇಜಿಗಿಲ್ಲ. ‘ಲೆಕ್ಕಶಾಸ್ತ್ರದ ಅರಿವು ಮೂಡುತ್ತದೆ’ ಎಂದು ಅಲ್ಲಿದ್ದರೆ ಅದರ ಕೆಳಗೆ ಅಳೆಯಬಹುದಾದ ಎರಡು ಮೂರು ಉಪವಾಕ್ಯಗಳನ್ನು ನಿಮ್ಮ ವಿಭಾಗದಿಂದ ಸೇರಿಸಿಕೊಳ್ಳಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಭಾಷೆಯ ತೊಡಕೋ ವಿಷಯದ ತೊಡಕೋ

ನಿಮ್ಮ ಭಾಗದ ಕಾಲೇಜುಗಳಲ್ಲಿ ಇದನ್ನು ಬಿಟ್ಟು ಅಟೇನ್‌ಮೆಂಟ್ ಮಾತಾಡುವುದು ಅನ್ಯಾಯ. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿ ಇಂಗ್ಲಿಷಿನ ಉದ್ದ ಪ್ರಶ್ನೆಯಲ್ಲೇ ಸಿಕ್ಕಿಬೀಳಬಹುದು. ಸೊನ್ನೆ ತೆಗೆದವರಲ್ಲಿ ಐದಾರು ಮಂದಿಯನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಅದೇ ಲೆಕ್ಕವನ್ನು ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳಿ, ಬಿಡಿಸಲು ಹೇಳಿ. ಬಿಡಿಸಿದರೆ ತೊಡಕು ಪ್ರಶ್ನೆಯ ಭಾಷೆಯದು; ಪದಗಳ ಪಟ್ಟಿ, ಎರಡೂ ಭಾಷೆಯ ಪ್ರಶ್ನೆಪತ್ರಿಕೆ ಪರಿಹಾರ. ಆಗಲೂ ಬಿಡಿಸದಿದ್ದರೆ ತೊಡಕು ಲೆಕ್ಕದ್ದು. ಇದನ್ನು ಪತ್ತೆಹಚ್ಚದೆ ಹೆಚ್ಚುವರಿ ತರಗತಿ ಇಟ್ಟರೆ ಎರಡನೇ ಗುಂಪಿಗೆ ಉಪಯೋಗ, ಮೊದಲನೆಯದಕ್ಕೆ ಬೇಸರ.

ವಿ.ವಿ.ಯ ಒಟ್ಟು ಅಂಕವನ್ನು ಏನು ಮಾಡುವುದು

ಹಾಸನದ ಕಾಲೇಜುಗಳು ಮೈಸೂರು ವಿ.ವಿ. ಅಡಿ ಇದ್ದಾಗಲೂ, 2023ರಲ್ಲಿ ಹೇಮಗಂಗೋತ್ರಿಯಲ್ಲಿ ಹಾಸನ ವಿ.ವಿ. ಆದಮೇಲೂ, ಪಕ್ಕದ ಚಿಕ್ಕಮಗಳೂರಿನಲ್ಲಿ ಕುವೆಂಪು ವಿ.ವಿ. ಅಡಿಯಲ್ಲೂ ಈ ಕಷ್ಟ ಒಂದೇ: ಉತ್ತರ ಪತ್ರಿಕೆ ಕಾಲೇಜಿಗೆ ಮರಳುವುದಿಲ್ಲ. ಆದರೆ ಪ್ರಶ್ನೆಪತ್ರಿಕೆ ನಿಮ್ಮ ಕೈಯಲ್ಲಿದೆ. ಪರೀಕ್ಷೆ ಮುಗಿದ ದಿನವೇ ಪ್ರತಿ ಪ್ರಶ್ನೆಯ ಎದುರು ಯಾವ ಔಟ್‌ಕಮ್ ಎಂದು ಬರೆದು, ಔಟ್‌ಕಮ್‌ವಾರು ಅಂಕ ಕೂಡಿ. ಒಂದು ಔಟ್‌ಕಮ್‌ಗೆ ಬರೀ 2 ಅಂಕದ ಪ್ರಶ್ನೆ ಬಂದಿದ್ದರೆ ಆ ಪರೀಕ್ಷೆಯ ಒಟ್ಟು ಅಂಕ ಅದರ ಬಗ್ಗೆ ಏನೂ ಹೇಳುವುದಿಲ್ಲ. ಆ ಸಾಲಿನಲ್ಲಿ ‘ಆಂತರಿಕ ಸಾಕ್ಷ್ಯ ಮಾತ್ರ’ ಎಂದು ಬರೆಯಿರಿ.

ಮುಂದಿರುವ ದಾರಿಗಳು ಎರಡು. ಒಟ್ಟು ಅಂಕವನ್ನೇ ಎಲ್ಲ ಔಟ್‌ಕಮ್‌ಗಳಿಗೂ ಹಂಚುವುದು ಸುಲಭ, ಬಹುತೇಕ ಕಾಲೇಜುಗಳು ಮಾಡುವುದೂ ಇದನ್ನೇ. ಅದರಿಂದ ಔಟ್‌ಕಮ್‌ಗಳ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ. ಹಾಗೆ ಮಾಡಿದರೂ ಪರವಾಗಿಲ್ಲ, ಮಾಡಿದ್ದೀರಿ ಎಂದು ಹಾಳೆಯ ಅಡಿಯಲ್ಲಿ ಬರೆದಿರಬೇಕು. ಇನ್ನೊಂದು, ವಿ.ವಿ. ಅಂಕವನ್ನು ಇಡೀ ಕೋರ್ಸಿನ ಒಂದು ಅಂಕಿಯಾಗಿ ಬೇರೆ ಇಟ್ಟು, ಔಟ್‌ಕಮ್‌ವಾರು ಅಂಕಿಯನ್ನು ಆಂತರಿಕ ಟೆಸ್ಟಿನಿಂದ ತೆಗೆಯುವುದು. ನನ್ನ ಸಲಹೆ ಇದೇ. ಇದರ ಅಪಾಯವೆಂದರೆ ಇಂಟರ್ನಲ್ಸ್ ಧಾರಾಳವಾಗಿ ಕೊಡುವ ಅಭ್ಯಾಸ. ಅದಕ್ಕೊಂದು ತಡೆ: ಪ್ರತಿ ಪತ್ರಿಕೆಗೂ ಆಂತರಿಕ ಸರಾಸರಿ ಶೇಕಡಾ ಮತ್ತು ವಿ.ವಿ. ಸರಾಸರಿ ಶೇಕಡಾ ಅಕ್ಕಪಕ್ಕ ಬರೆಯಿರಿ. ಒಂದು ಕಡೆ 88, ಇನ್ನೊಂದು ಕಡೆ 46 ಇದ್ದರೆ ಆ ಪತ್ರಿಕೆಯ ಆಂತರಿಕ ಅಂಕವನ್ನು ಆಧಾರವಾಗಿ ಹಿಡಿಯುವಂತಿಲ್ಲ.

ಅಂಕ ಕೊಡುವುದರಲ್ಲಿ ಏಕರೂಪ ತರಲು ಕನ್‌ಸೈನ್‌ಮೆಂಟಿನಂಥ ದೊಡ್ಡ ಲೆಕ್ಕಕ್ಕೆ ರುಬ್ರಿಕ್ (ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿ) ಮಾಡಿಕೊಳ್ಳಿ. ಮಾಲೀಕತ್ವ ಕಳಿಸಿದವನಲ್ಲೇ ಉಳಿದಿದೆ ಎಂದು ಹಿಡಿದಿದ್ದಾರೆಯೇ, ಖರ್ಚುಗಳನ್ನು ಸರಿಯಾಗಿ ವಿಂಗಡಿಸಿದ್ದಾರೆಯೇ, ಕಮಿಷನ್ ಲೆಕ್ಕ ಸರಿಯೇ, ಉಳಿದ ಸರಕಿನ ಬೆಲೆ ಸರಿಯೇ, ಈ ನಾಲ್ಕು ಸಾಲು ಸಾಕು, ಪ್ರತಿಯೊಂದಕ್ಕೂ 0ಯಿಂದ 3. ಇಬ್ಬರು ಉಪನ್ಯಾಸಕರು ಹತ್ತು ಪುಸ್ತಕಗಳನ್ನು ಒಬ್ಬರಿಗೊಬ್ಬರು ತೋರಿಸದೆ ತಿದ್ದಿ. ಮೂರಕ್ಕಿಂತ ಹೆಚ್ಚು ಪುಸ್ತಕಗಳಲ್ಲಿ ಇಬ್ಬರ ಅಂಕ ದೂರ ಉಳಿದರೆ ರುಬ್ರಿಕ್‌ನ ಮಾತುಗಳನ್ನು ತಿದ್ದಬೇಕು. ಅತಿಥಿ ಉಪನ್ಯಾಸಕರು ವರ್ಷವರ್ಷ ಬದಲಾಗುವ ಕಾಲೇಜಿನಲ್ಲಿ ಇದಿಲ್ಲದೆ ಈ ವರ್ಷದ ಅಂಕಿಯನ್ನು ಮುಂದಿನ ವರ್ಷದ್ದಕ್ಕೆ ಹೋಲಿಸಲು ಬರುವುದಿಲ್ಲ.

ಸಮೀಕ್ಷೆಯನ್ನು ಬಿಡಬೇಕಿಲ್ಲ, ಶೇ 20ರಷ್ಟು ತೂಕವೂ ಬೇಕಿಲ್ಲ; ಶೇ 10 ಸಾಕು. ‘ಕೋರ್ಸ್ ಇಷ್ಟವಾಯಿತೇ’ ಎಂದು ಕೇಳಬೇಡಿ. ‘ಉಳಿದ ಸರಕಿನ ಬೆಲೆ ಕಟ್ಟಲು: ಒಬ್ಬನೇ ಮಾಡಬಲ್ಲೆ, ಸಹಾಯ ಬೇಕು, ಬರುವುದಿಲ್ಲ’ ಎಂದು ಕೇಳಿ. ಹೆಸರು ಬರೆಸಬೇಡಿ, ಪಾಠ ಮಾಡಿದವರು ಆ ಹೊತ್ತಿನಲ್ಲಿ ಕೊಠಡಿಯಲ್ಲಿರಬಾರದು.

ಪ್ರೋಗ್ರಾಂ ಔಟ್‌ಕಮ್ ಕಡೆಗೆ

ಯಾವ ಕೋರ್ಸ್ ಔಟ್‌ಕಮ್‌ಗೂ ಯಾವ ಪ್ರೋಗ್ರಾಂ ಔಟ್‌ಕಮ್‌ಗೂ ಎಷ್ಟು ಗಟ್ಟಿ ಸಂಬಂಧ ಎಂದು 1ರಿಂದ 3ರವರೆಗೆ ತೋರಿಸುವ ಮ್ಯಾಪಿಂಗ್ ಕೋಷ್ಟಕದ ತುಂಬ 3 ಇದ್ದರೆ ಯಾರೋ ಯೋಚಿಸದೆ ತುಂಬಿದ್ದಾರೆ ಎಂದರ್ಥ. ಒಂದು ಕೋರ್ಸ್ ಔಟ್‌ಕಮ್ ಎರಡು ಮೂರು ಪ್ರೋಗ್ರಾಂ ಔಟ್‌ಕಮ್‌ಗಳಿಗಿಂತ ಹೆಚ್ಚಿಗೆ ಅಂಟಿಕೊಳ್ಳುವುದು ಕಡಿಮೆ. ಲೆಕ್ಕ ಹಾಕುವಾಗ ತೂಕ ಕೊಡುವುದನ್ನು ಮರೆಯಬೇಡಿ. ಮೂರು ಔಟ್‌ಕಮ್‌ಗಳ ಸಾಧನೆ 3, 1, 2, ಅವುಗಳ ಮ್ಯಾಪಿಂಗ್ ಬಲ ಕ್ರಮವಾಗಿ 1, 3, 2 ಎಂದಿಟ್ಟುಕೊಳ್ಳಿ. ಬರೀ ಸರಾಸರಿ 2. ತೂಕ ಕೊಟ್ಟರೆ 3, 3, 4 ಕೂಡಿ 10, ಅದನ್ನು 6ರಿಂದ ಭಾಗಿಸಿದರೆ 1.67. ಗಟ್ಟಿ ಸಂಬಂಧವಿರುವ ಔಟ್‌ಕಮ್ಮಿನಲ್ಲೇ ಮಕ್ಕಳು ಹಿಂದಿದ್ದಾರೆ ಎಂಬುದನ್ನು ಎರಡನೆಯದು ಹೇಳುತ್ತದೆ, ಮೊದಲನೆಯದು ಮುಚ್ಚಿಡುತ್ತದೆ. ಸಂವಹನ, ವೃತ್ತಿನೀತಿಯಂಥವನ್ನು ಟೆಸ್ಟಿನ ಅಂಕದಿಂದ ತೆಗೆಯಲು ಹೋಗಬೇಡಿ. ಅಂತಿಮ ವರ್ಷದ ಪ್ರಾಜೆಕ್ಟ್ ಮತ್ತು ಮೌಖಿಕ ಪರೀಕ್ಷೆಯಲ್ಲಿ ರುಬ್ರಿಕ್ ಇಟ್ಟು ನೋಡಿ. ಅಲ್ಲಿ ಎಲ್ಲರನ್ನೂ ನೋಡಬೇಕಿಲ್ಲ, ರಿಜಿಸ್ಟರಿನಲ್ಲಿ ಪ್ರತಿ ನಾಲ್ಕನೆಯ ಹೆಸರು ಸಾಕು. ಒಳ್ಳೆಯ ಪ್ರಾಜೆಕ್ಟುಗಳನ್ನಷ್ಟೇ ಆರಿಸಿಕೊಂಡರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಹಿಂದಿನ ವರ್ಷಗಳ ಹಾಳೆಗಳು

ಅವನ್ನು ತಿದ್ದಬೇಡಿ. ಪ್ರಶ್ನೆವಾರು ಅಂಕ ದಾಖಲಾಗದ ವರ್ಷಕ್ಕೆ ಈಗ ಪ್ರಶ್ನೆವಾರು ಅಂಕಿ ತುಂಬುವುದು ಎಂದರೆ ಇಲ್ಲದ್ದನ್ನು ಸೃಷ್ಟಿಸುವುದು. ಒಂದೇ ಹುಡುಗನ ಟೆಸ್ಟ್ ಪುಸ್ತಕ ತೆಗೆದು ಹಾಳೆಯ ಜೊತೆ ಹೋಲಿಸಿದರೂ ಅದು ಬಯಲಾಗುತ್ತದೆ. ಹಳೆಯ ಟೆಸ್ಟ್ ಪುಸ್ತಕಗಳು ಕಪಾಟಿನಲ್ಲಿ ಉಳಿದಿದ್ದರೆ ಒಂದು ಪತ್ರಿಕೆಯದನ್ನು ತೆಗೆದು ಪ್ರಶ್ನೆವಾರು ಎಣಿಸಬಹುದು, ಅದು ನಿಜವಾದ ಸಾಕ್ಷ್ಯ. ಉಳಿದ ಹಾಳೆಗಳನ್ನು ಹಾಗೇ ಇಟ್ಟು, ಮೇಲೆ ಒಂದು ಪುಟ ಸೇರಿಸಿ: ಈ ವರ್ಷದವರೆಗೆ ಒಟ್ಟು ಅಂಕದ ವಿಧಾನ, ಇಂತಿಂಥ ಮಿತಿ ಕಂಡುಬಂತು, ಇಂಥ ಸೆಮಿಸ್ಟರ್‌ನಿಂದ ಪ್ರಶ್ನೆವಾರು ವಿಧಾನ. ಇನ್ನೊಂದು ಸಾಲನ್ನೂ ಸೇರಿಸಿ. 2021–22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮ ಬಂತು, 2024–25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅದರ ಹಿಂದು ಮುಂದಿನ ಬ್ಯಾಚುಗಳನ್ನು ನೇರ ಹೋಲಿಸಿ ‘ಏರಿಕೆ’, ‘ಇಳಿಕೆ’ ಎಂಬ ಗ್ರಾಫ್ ಬಿಡಿಸುವುದು ಸರಿಯಲ್ಲ.

ಹೊಸ ವಿಧಾನವನ್ನು ಒಂದೇ ಸಲ ಎಲ್ಲ ಪತ್ರಿಕೆಗಳಿಗೂ ಹೇರಿದರೆ ಎರಡನೇ ಟೆಸ್ಟಿನ ಹೊತ್ತಿಗೆ ಹಾಳೆಗಳು ಮತ್ತೆ ಅಂದಾಜಿನಲ್ಲಿ ತುಂಬಿಕೊಳ್ಳುತ್ತವೆ. ಈ ಸೆಮಿಸ್ಟರ್ ಎರಡು ಪತ್ರಿಕೆ ತೆಗೆದುಕೊಳ್ಳಿ, ಒಂದು ಲೆಕ್ಕದ್ದು, ಒಂದು ಬರವಣಿಗೆಯದು. ಪ್ರತಿಯೊಂದರಲ್ಲೂ ಪ್ರತಿ ವರ್ಷ ಮರಳಿ ಬರುವ ಒಂದು ಪ್ರಶ್ನೆ ಇರಲಿ: ಅಂಕಿಗಳು ಬೇರೆ, ರಚನೆ ಅದೇ. ಬ್ಯಾಚಿನಿಂದ ಬ್ಯಾಚಿಗೆ ಹೋಲಿಸಲು ಆಧಾರ ಅದೊಂದೇ.

ಸೆಮಿಸ್ಟರ್ ಮುಗಿದ ಮೇಲೆ ಪ್ರತಿ ಪತ್ರಿಕೆಗೂ ಒಂದು ಪುಟ ಬರೆಯಿರಿ. ಉದಾಹರಣೆಗೆ: ‘ಔಟ್‌ಕಮ್ 3, ಕನ್‌ಸೈನ್‌ಮೆಂಟ್. ಟೆಸ್ಟ್ ಬರೆದ 50ರಲ್ಲಿ 21 ಮಂದಿ ಗುರಿ ಮುಟ್ಟಿದರು. ಹೆಚ್ಚು ಕಂಡ ತಪ್ಪು: ಏಜೆಂಟರ ಇಳಿಸುವ ಕೂಲಿ ಬಿಟ್ಟದ್ದು. ಮಾಡಿದ ಬದಲಾವಣೆ: ಖರ್ಚು ವಿಂಗಡಿಸುವ ಅಭ್ಯಾಸಕ್ಕೆ ಎರಡು ಹೆಚ್ಚುವರಿ ತರಗತಿ, ಎರಡೂ ಭಾಷೆಯ ಪ್ರಶ್ನೆ. ಮರುಟೆಸ್ಟ್ ದಿನಾಂಕ.’ ಅದರ ಹಿಂದೆ ಪ್ರಶ್ನೆಪತ್ರಿಕೆ ಮತ್ತು ಮೂರು ಟೆಸ್ಟ್ ಪುಸ್ತಕಗಳ ನಕಲು ಇರಲಿ, ಒಂದು ಚೆನ್ನಾಗಿ ಬರೆದದ್ದು, ಒಂದು ನಡುವಿನದು, ಒಂದು ತೀರಾ ತಪ್ಪಿದ್ದು. ಮಕ್ಕಳ ಹೆಸರು, ರಿಜಿಸ್ಟರ್ ನಂಬರು ಮುಚ್ಚಿರಲಿ. ನ್ಯಾಕ್ ತಂಡ ಕೇಳಿದಾಗ ತೋರಿಸಬೇಕಾದದ್ದು ಈ ಪುಟವನ್ನು. ಮುಂದಿನ ವರ್ಷ ಆ ಪತ್ರಿಕೆ ತೆಗೆದುಕೊಳ್ಳುವ ಉಪನ್ಯಾಸಕರಿಗೆ ಮೊದಲ ದಿನ ಕೊಡಬೇಕಾದದ್ದೂ ಇದನ್ನೇ.